ಕಾರ್ಡಿಗೊಂದು ತೋಳುಗವಸು

ಹೆಡ್‌ಮೇಷ್ಟ್ರು ಚೆನ್ನಬಸವಯ್ಯನವರ ಎಡಗಿವಿಯೊಳಕ್ಕೆ ಸೋಪಿನ ನೊರೆ ಹೊಕ್ಕಿದ್ದು ಯಾರ ತಪ್ಪು ಎಂಬ ಬಗ್ಗೆ ಕುಣಿಗಲ್ಲಿನಲ್ಲಿ ಇವತ್ತಿಗೂ ಒಮ್ಮತವಿಲ್ಲ. ಮೇಷ್ಟ್ರು, ಕ್ಷೌರದಂಗಡಿ ತಿಮ್ಮರಾಜುವಿನ ತಪ್ಪು ಎನ್ನುತ್ತಾರೆ. ತಿಮ್ಮರಾಜು, ಗವಸಿನ ತಪ್ಪು ಎನ್ನುತ್ತಾನೆ. ಗವಸು ಕೊಟ್ಟವರು ರೇಷನ್ ಕಾರ್ಡಿನ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಮುದ್ದೆಯ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ, ಅಸಲು ತಪ್ಪು ಅದರದ್ದೇ.

ಆಗಿದ್ದಿಷ್ಟು. ಬೆಳಗಿನ ಹೊತ್ತು ಮೇಷ್ಟ್ರು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ತಾವು ನಿವೃತ್ತರಾಗುವ ಮುಂಚೆ ಶಾಲೆಗೆ ಕಾಂಪೌಂಡು ಕಟ್ಟಿಸಿದ ಕಥೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿದ್ದರು. ತಿಮ್ಮರಾಜು ಬ್ರಶ್ಶನ್ನು ಅದ್ದಿ ಅವರ ಕೆನ್ನೆಯ ಮೇಲೆ ಸಣ್ಣಗೆ ಸುತ್ತು ಹಾಕತೊಡಗಿದ. ಸುತ್ತು ಸಣ್ಣದಾಗಿ ಉಳಿಯಲಿಲ್ಲ. ಕೈ ಅವನ ಮಾತು ಕೇಳದೆ ಭುಜದಿಂದಲೇ ತಿರುಗಲು ಶುರುವಾಯಿತು. ದೊಡ್ಡ ಸುತ್ತು, ಬಲವಾದ ಸುತ್ತು, ತಳಕ್ಕೆ ಒತ್ತಿ ಮೇಲಕ್ಕೆಳೆಯುವ ಸುತ್ತು. ಮೂಗು, ಹುಬ್ಬು, ಕಿವಿ ಯಾವುದನ್ನೂ ಬಿಡಲಿಲ್ಲ. ಕೊನೆಗೆ ಅವನು ತನ್ನ ಬಲಗೈಯನ್ನು ತನ್ನದೇ ಎಡಗೈಯಿಂದ ಹಿಡಿದು ಕೆಳಕ್ಕೆ ಜಗ್ಗಬೇಕಾಯಿತು.

ಮೇಷ್ಟ್ರು ಕಣ್ಣು ತೆರೆದರು. ಇಬ್ಬರ ದೃಷ್ಟಿಯೂ ಒಟ್ಟಿಗೇ ಕನ್ನಡಿಯ ಕೆಳಗಿನ ಹಲಗೆಯ ಮೇಲಿದ್ದ ಕ್ಷೌರದ ಕತ್ತಿಯ ಕಡೆಗೆ ಹೋಯಿತು. ಮೇಷ್ಟ್ರು ಎದ್ದು, ಅಂಗಡಿಯ ಟವೆಲ್ಲು ಕೊರಳಲ್ಲಿರುವಾಗಲೇ, ಅರ್ಧ ಮುಖ ನೊರೆಯಲ್ಲಿ ಬಸ್‌ಸ್ಟ್ಯಾಂಡಿನ ಮುಂದಿನಿಂದಲೇ ನಡೆದು ಮನೆಗೆ ಹೋದರು.

ತಿಮ್ಮರಾಜು ಗಿರಾಕಿಯ ಕುರ್ಚಿಯಲ್ಲಿ ಕುಸಿದು ಕೂತ. ಆ ಸುತ್ತು ಅವನಿಗೆ ಗೊತ್ತಿತ್ತು. ಮದುವೆಯಾದಾಗಿನಿಂದ ದಿನಾ ಮಧ್ಯಾಹ್ನ ನೋಡಿದ್ದ. ಅದು ಅವನ ಹೆಂಡತಿ ವನಜಾಕ್ಷಮ್ಮ ಮುದ್ದೆ ತಿರುವುವ ಸುತ್ತು.

ಅವನ ಭುಜದ ಕಥೆ ಹಳೆಯದು. ಹರೆಯದಿಂದ ಅರವತ್ತು ದಾಟುವವರೆಗೂ ಎರಡೂ ಕೈಗಳನ್ನು ಎತ್ತಿ ಹಿಡಿದೇ ನಿಂತು ದುಡಿದವನು. ಊರೆಲ್ಲ ಕೈ ಕೆಳಗಿಟ್ಟುಕೊಂಡು ಕೆಲಸ ಮಾಡಿದರೆ ಕ್ಷೌರದವನು ಮಾತ್ರ ಯಾರೋ ಬಂದೂಕು ತೋರಿಸಿದವರಂತೆ ಕೈ ಎತ್ತಿಕೊಂಡಿರಬೇಕು. ಮೊದಲು ಭುಜದೊಳಗೆ ಕಟಕಟ ಎಂದಿತು. ಆಮೇಲೆ ಶರ್ಟು ಹಾಕುವಾಗ ಚುಚ್ಚಿತು. ಆಮೇಲೆ ಬಲಮಗ್ಗುಲಿಗೆ ಮಲಗುವುದೇ ತಪ್ಪಿಹೋಯಿತು. ಭುಜನೋವು ಎಂದು ಬಾಯಿಬಿಟ್ಟರೆ ಊರಿಗೆ ಊರೇ ವೈದ್ಯರು. ಒಬ್ಬರು ಎಕ್ಕದೆಲೆ ಕಾಯಿಸಿ ಕಟ್ಟು ಎಂದರು, ಒಬ್ಬರು ಉಪ್ಪಿನ ಗಂಟಿನ ಶಾಖ ಕೊಡು ಎಂದರು, ಒಬ್ಬರು ಎಲ್ಲವೂ ವಾಯು, ಆಲೂಗಡ್ಡೆ ಬಿಡು ಎಂದರು. ಅವನು ಎಲ್ಲವನ್ನೂ ಮಾಡಿದ. ಆಲೂಗಡ್ಡೆಯನ್ನೂ ಬಿಟ್ಟ. ನೋವು ಮಾತ್ರ ಅವನನ್ನು ಬಿಡಲಿಲ್ಲ.

ವನಜಾಕ್ಷಮ್ಮನದು ಇನ್ನೊಂದು ಬಗೆ. ಅವಳ ಬಲಭುಜ ಹೇಳದೆ ಕೇಳದೆ ಬಿಗಿದುಕೊಂಡಿತು. ಕೈ ಎದೆಯ ಮಟ್ಟಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಡಾಕ್ಟರು ಪರೀಕ್ಷಿಸಿ, ಭುಜ ಹೆಪ್ಪುಗಟ್ಟಿದೆ, ವಯಸ್ಸಾದ ಹೆಂಗಸರಲ್ಲಿ ಇದು ಸಾಮಾನ್ಯ ಎಂದಿದ್ದರು.

"ಹೆಪ್ಪುಗಟ್ಟೋಕೆ ಇದೇನು ಮೊಸರಾ?" ಎಂದು ವನಜಾಕ್ಷಮ್ಮ ದಾರಿಯುದ್ದಕ್ಕೂ ಗೊಣಗಿಕೊಂಡು ಬಂದಿದ್ದಳು. ಬಂದವಳು ಎಡಗೈಯಲ್ಲಿ ಮುದ್ದೆ ತಿರುವಿದಳು, ಮುದ್ದೆಯ ತುಂಬ ಗಂಟು. ತಿಮ್ಮರಾಜು ಗಂಟುಗಳನ್ನು ತಟ್ಟೆಯ ಅಂಚಿಗೆ ಸರಿಸುತ್ತ ಬಾಯಿ ಮುಚ್ಚಿಕೊಂಡು ಉಂಡ. ಅಷ್ಟು ಬುದ್ಧಿ ಅವನಿಗಿತ್ತು.

ಆ ವರ್ಷವೇ ಕೀಲುಬಂಧು ಯೋಜನೆ ಬಂತು. ಅರವತ್ತು ದಾಟಿದವರಿಗೆ ಭುಜಕ್ಕೋ ಮಂಡಿಗೋ ಒಂದು ಗವಸು, ಕಾರ್ಡಿಗೊಂದರಂತೆ. ನೋಡಲು ಬೂದು ಬಣ್ಣದ ತೋಳು, ಸ್ವೆಟರಿನಿಂದ ಕತ್ತರಿಸಿ ತಂದಂತಿತ್ತು. ಬಟ್ಟೆಯೊಳಗೆ ಕೂದಲಿಗಿಂತ ತೆಳುವಾದ ಎಳೆಗಳು. ಕರೆಂಟು ಹರಿದಾಗ ಅವು ಸ್ನಾಯುವಿನ ಹಾಗೆ ಬಿಗಿಯುತ್ತವೆ, ಕರೆಂಟು ನಿಂತಾಗ ಸಡಿಲಾಗುತ್ತವೆ. ನಾವು ಕೈ ಎತ್ತಬೇಕೆಂದುಕೊಂಡ ಕೂಡಲೇ ಸ್ನಾಯುವಿನಲ್ಲಿ ಒಂದು ಸಣ್ಣ ಮಿಡಿತ ಹುಟ್ಟುತ್ತದಂತೆ. ಗವಸು ಅದನ್ನು ಹಿಡಿದು, ಇವನು ಮುಂದೆ ಮಾಡಹೊರಟಿರುವುದು ಇದು ಎಂದು ಊಹಿಸಿ, ಉಳಿದ ಭಾರವನ್ನು ತಾನೇ ಹೊತ್ತು ಆ ಚಲನೆಯನ್ನು ಪೂರೈಸುತ್ತದೆ. ಹಾಗೆ ಊಹಿಸಬೇಕಾದರೆ ಮೊದಲು ಕೆಲವು ವಾರ ಆ ಮನುಷ್ಯನ ಕೈ ಹೇಗೆ ಹೇಗೆ ಓಡಾಡುತ್ತದೆ ಎಂಬುದನ್ನು ಅದು ಕಲಿಯಬೇಕು. ಕಲಿತದ್ದೆಲ್ಲ ತುಮಕೂರಿನ ಕೇಂದ್ರಕ್ಕೆ ಹೋಗುತ್ತದೆ.

ಕಾರ್ಡಿನ ಯಜಮಾನ ತಿಮ್ಮರಾಜು. ಗವಸು ಅವನ ಹೆಸರಿಗೆ ಬಂತು. ಬೆಳಗ್ಗೆ ಅಂಗಡಿಯಲ್ಲಿ ಅವನು ಹಾಕಿಕೊಂಡ. ಮಧ್ಯಾಹ್ನ ಮನೆಗೆ ಬಂದವನು ಶರ್ಟಿನ ಜೊತೆ ಅದನ್ನೂ ಬಿಚ್ಚಿ, "ತಗೋ, ನೀನೂ ಒಸಿ ಹಾಕ್ಕೋ" ಎಂದು ಕೊಟ್ಟ. ಗಂಡಹೆಂಡಿರ ನಡುವೆ ಓದುವ ಕನ್ನಡಕ ಒಂದೇ, ಫೋನು ಒಂದೇ, ಕೊಡೆ ಒಂದೇ. ಗವಸಿಗೆ ಯಾಕೆ ಬೇರೆ ನ್ಯಾಯ ಎಂದು ಇಬ್ಬರಿಗೂ ಹೊಳೆಯಲೇ ಇಲ್ಲ. ಅವಳು ಹಾಕಿಕೊಂಡು ಮುದ್ದೆ ತಿರುವಿದಳು. ಗಂಟು ಹೋಯಿತು. ಉಂಡು ಅವನು ಮಲಗಿದರೆ ಸಂಜೆ ಅಂಗಡಿ ತೆಗೆಯುವವರೆಗೂ ಗವಸು ಅವಳ ತೋಳಿನಲ್ಲೇ ಇರುತ್ತಿತ್ತು. ಹೀಗೆ ಒಂದು ಯಂತ್ರ ಇಬ್ಬರ ಕೈಕೆಲಸ ಕಲಿಯಿತು. ಈಗ ಮೇಷ್ಟ್ರ ಕಿವಿಗೆ ಬಂತು.

ನೊರೆಯ ಸುದ್ದಿ ಊರಲ್ಲಿ ಆರುವ ಮೊದಲೇ ಕೇಂದ್ರದಿಂದ ಫೋನು ಬಂತು. ನಿಮ್ಮ ಭುಜದ ವರದಿ ಗೊಂದಲವಾಗಿದೆ, ಗವಸು ತೆಗೆದುಕೊಂಡು ಬನ್ನಿ ಎಂದರು. ತಿಮ್ಮರಾಜು ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲಾರದೆ, ಪ್ರತಿ ತಿರುವಿಗೂ ಪಕ್ಕದವರ ಮೇಲೆ ಬಿದ್ದು, ಬೈಸಿಕೊಂಡು ತುಮಕೂರು ಸೇರಿದ.

ಕೇಂದ್ರವೆಂದರೆ ಒಂದು ದೊಡ್ಡ ಕೋಣೆ, ಗೋಡೆ ತುಂಬ ಪರದೆಗಳು. ಒಂದೊಂದರಲ್ಲೂ ಗೆರೆಗಳಲ್ಲಿ ಬರೆದ ತೋಳುಗಳು, ಮಂಡಿಗಳು. ಎಲ್ಲೋ ಒಂದು ತೋಳು ಬಾವಿ ಸೇದುತ್ತಿತ್ತು, ಇನ್ನೊಂದು ಸುಮ್ಮನೆ ನೊಣ ಓಡಿಸುತ್ತಿತ್ತು. ಭುಜಗಳ ವಿಭಾಗ ನೋಡಿಕೊಳ್ಳುತ್ತಿದ್ದವಳು ಡಾಕ್ಟರ್ ಫೌಜಿಯಾ. ಇಡೀ ದಿನ ಪರದೆ ನೋಡಿ ನೋಡಿ ಅವಳ ಕತ್ತೇ ಹಿಡಿದುಕೊಂಡು, ಪಟ್ಟಿ ಕಟ್ಟಿಕೊಂಡಿದ್ದಳು. ಅವಳಿಗೆ ಗವಸು ಸಿಗುವಂತಿರಲಿಲ್ಲ. ಅರವತ್ತು ತುಂಬಿರಲಿಲ್ಲವಲ್ಲ.

"ಮಧ್ಯಾಹ್ನ ಊಟ ಆದ್ಮೇಲೆ ಏನು ಮಾಡ್ತೀರಾ ಯಜಮಾನ್ರೇ?" ಎಂದು ಕೇಳಿದಳು.

"ಮಲಗ್ತೀನಮ್ಮ."

"ನಿಮ್ಮ ತೋಳು ಮಲಗಲ್ಲ. ಬಟ್ಟೆ ಹಿಂಡುತ್ತೆ, ಪಾತ್ರೆ ಉಜ್ಜುತ್ತೆ. ಆಮೇಲೆ ದಿನಾ ತಲೆ ಹಿಂದಕ್ಕೆ ಹೋಗೋಕೆ ನೋಡುತ್ತೆ. ನೀವು ತುರುಬು ಕಟ್ಕೋತೀರಾ?"

ಕೇಳಿ ಅವನ ತಲೆ ನೋಡಿದಳು. ಮೂವತ್ತು ತುಂಬುವುದರೊಳಗೆ ತಿಮ್ಮರಾಜುವಿಗೆ ಕೂದಲು ಕೈಕೊಟ್ಟಿತ್ತು. ಊರವರ ಕೂದಲೆಲ್ಲ ಕತ್ತರಿಸಿದ ಪಾಪ ಎಂದು ಗಿರಾಕಿಗಳು ಈಗಲೂ ಛೇಡಿಸುತ್ತಾರೆ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಅವನು ಇದ್ದದ್ದನ್ನು ಹೇಳಿದ. ಬೇರೆಯವರಿಗೆ ಕೊಡಬಾರದು ಎಂದು ಗವಸಿನ ಜೊತೆಯೇ ಹೇಳಿದ್ದೆವಲ್ಲ ಎಂದು ಫೌಜಿಯಾ ಸ್ವಲ್ಪ ಗಡುಸಾದಳು. ಅವನಿಗೂ ರೇಗಿತು.

"ಬೇರೆಯವ್ರಿಗೆಲ್ಲಮ್ಮ ಕೊಟ್ಟೆ? ಕಾರ್ಡಿಗೊಂದು ಅಂದ್ರೆ ಮನೆಗೆ ಅಂತ ತಾನೆ? ಕಾರ್ಡಿಗೆ ಅಕ್ಕಿ ಕೊಡ್ತೀರಿ. ಯಜಮಾನ ಅಂತ ನನ್ನ ಹೆಸರೈತೆ. ಅಂಗಂತ ನಾನೊಬ್ನೇ ತಿನ್ನೋಕಾಯ್ತದಾ?"

ಯೋಜನೆ ಮಾಡಿದವರಿಗೆ ಇದು ಹೊಳೆದಿರಲಿಕ್ಕಿಲ್ಲ. ಫೌಜಿಯಾ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ನಿಧಾನವಾಗಿ ತಿಳಿಸಿ ಹೇಳಿದಳು. ಈ ಯಂತ್ರ ಒಬ್ಬರನ್ನೇ ಕಲಿಯಲಿಕ್ಕೆ ಮಾಡಿದ್ದು. ಇಬ್ಬರನ್ನು ಕಲಿತರೆ ಮೊದಲ ಮಿಡಿತ ಯಾರದೆಂದು ಅದಕ್ಕೆ ತಿಳಿಯುವುದಿಲ್ಲ. ನೊರೆ ಹಚ್ಚುವ ಕೈಯೂ ಮುದ್ದೆ ತಿರುವುವ ಕೈಯೂ ಶುರುವಾಗುವುದು ಒಂದೇ ತರಹ. ಇವತ್ತು ಬ್ರಶ್ಶು ಇತ್ತು, ನಾಳೆ ಕತ್ತಿ ಇರುತ್ತದೆ. ಇಬ್ಬರಲ್ಲಿ ಒಬ್ಬರನ್ನು ಅಳಿಸಲೇಬೇಕು. ಅಲ್ಲಿಯವರೆಗೆ ಇದನ್ನು ತೊಟ್ಟು ಯಾರ ಮುಖವನ್ನೂ ಮುಟ್ಟಬಾರದು.

"ನಮ್ಮವಳದ್ದು ಅಳಿಸಿದ್ರೆ?"

ಫೌಜಿಯಾ ಪರದೆಯಲ್ಲಿ ಮಧ್ಯಾಹ್ನದ ತೋಳನ್ನು ತಂದಳು. ಮೊದಲ ವಾರದ್ದು ಎದೆಯ ಮಟ್ಟದಲ್ಲಿ ನಿಂತಿತ್ತು. ಆಮೇಲಿನದು ಗಲ್ಲದ ಮಟ್ಟಕ್ಕೆ ಬಂದಿತ್ತು. ಈಚಿನದು ಕಿವಿಯವರೆಗೆ ಏರಿ ನಿಂತಿತ್ತು. ನಿಯಮ ಮುರಿದ ತೋಳನ್ನು ಅವಳು ಒಂದು ಕ್ಷಣ ಖುಷಿಯಿಂದಲೇ ನೋಡಿದಳು.

"ಇದು ಬಿಡ್ತಾ ಇದೆ. ಇನ್ನು ಸ್ವಲ್ಪ. ಈಗ ನಿಲ್ಲಿಸಿದ್ರೆ ವಾಪಸ್ ಬಿಗಿಯುತ್ತೆ, ಮೊದಲಿಗಿಂತ ಜಾಸ್ತಿ. ಅದೇ ಕಾರ್ಡಿಗೆ ಇನ್ನೊಂದು ಗವಸು ಬರೋಕೆ ವರ್ಷಗಳೇ ಆಗುತ್ತೆ. ಅಷ್ಟರಲ್ಲಿ ಆ ಭುಜ ಹಾಗೇ ಕೂತುಬಿಡುತ್ತೆ."

ಬುಧವಾರದೊಳಗೆ ಬಂದು ಯಾರನ್ನು ಉಳಿಸಬೇಕೆಂದು ಹೇಳಬೇಕಿತ್ತು. ತಿಮ್ಮರಾಜು ವಾಪಸ್ಸು ಬಸ್ಸಿನಲ್ಲಿ ಯಾರ ಮೇಲೆ ಬಿದ್ದರೂ ಕ್ಷಮೆ ಕೇಳಲಿಲ್ಲ. ಅಷ್ಟು ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಮನೆಯಲ್ಲಿ ಶುರುವಾಯಿತು. ಪ್ರೀತಿಯ ಮಾತನ್ನು ಪ್ರೀತಿಯಿಂದ ಆಡುವ ಅಭ್ಯಾಸ ಇಬ್ಬರಿಗೂ ಇಲ್ಲ. ನಿನಗಿರಲಿ ಎಂದು ಅವನು ಗದರಿದ. ನಿಮಗಿರಲಿ ಎಂದು ಅವಳು ಪಾತ್ರೆ ಕುಕ್ಕಿದಳು. ಅಂಗಡಿ ಮುಚ್ಚಿದರೆ ಇಬ್ಬರೂ ಎಕ್ಕದೆಲೆ ತಿನ್ನಬೇಕಾಗುತ್ತದೆ ಎಂದಳು. ಕೈ ಬಿಗಿದುಕೊಂಡು ಕೂತ ಮೇಲೆ ಅಡುಗೆ ಮಾಡುವವರು ಯಾರು, ನಿಮ್ಮಪ್ಪನೇ ಎಂದು ಅವನು ಕೇಳಿದ. ತೀರಿಕೊಂಡ ಅಪ್ಪನ ಸುದ್ದಿಗೆ ಬಂದದ್ದಕ್ಕೆ ಅವಳು ಇನ್ನಷ್ಟು ಕೆರಳಿದಳು.

"ನಂದು ಅಳಿಸಿಬಿಡಿ ಅಂತ ಹೇಳ್ಬಾರದಿತ್ತಾ ಅಲ್ಲೇ? ನಾನೇನು ಜನರ ಗಂಟಲ ಮೇಲೆ ಕತ್ತಿ ಹಿಡೀತೀನಾ? ಮುದ್ದೆ ಗಂಟಾದ್ರೆ ಗಂಟು ತಿನ್ನಿ." ಒಲೆಯ ಕಡೆ ತಿರುಗಿಕೊಂಡೇ ಮಾತು ಮುಂದುವರಿಸಿದಳು. "ಒಂದು ಕೆಲ್ಸ ಮಾತ್ರ ಮಾಡಿಕೊಡಿ. ನನ್ನ ಕೂದ್ಲು ಕತ್ತರಿಸಿಬಿಡಿ. ಕತ್ತರಿ ಹೆಂಗೂ ಮನೇಲೇ ಐತೆ."

ತಿಮ್ಮರಾಜುವಿನ ಮನೆತನದಲ್ಲಿ ಮುತ್ತೈದೆಯ ಕೂದಲಿಗೆ ಯಾರೂ ಕತ್ತರಿ ಹಾಕಿದ್ದಿಲ್ಲ. ಅವನ ಅಜ್ಜನನ್ನು ಗಂಡ ಸತ್ತ ಹೆಂಗಸರ ತಲೆ ಬೋಳಿಸಲು ಕರೆಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಆ ದಿನ ಅಜ್ಜ ಮನೆಗೆ ಬಂದು ನೀರನ್ನೂ ಕುಡಿಯದೆ ಮಲಗಿಬಿಡುತ್ತಿದ್ದನಂತೆ. ಇವಳು ಬದುಕಿರುವ ಗಂಡನ ಮುಂದೆ ಕತ್ತರಿ ಕೇಳುತ್ತಿದ್ದಾಳೆ.

"ಬಾಯಿ ಮುಚ್ಚು" ಎಂದ.

ಅವಳು ಮುಚ್ಚಲಿಲ್ಲ. ಆಗ ಅವನಿಗೆ ಗೊತ್ತಿಲ್ಲದ್ದೆಲ್ಲ ಹೊರಬಂತು. ಭುಜ ಬಿಗಿದಾಗಿನಿಂದ ಅವಳ ತಲೆ ಬಾಚಿ ತುರುಬು ಕಟ್ಟುತ್ತಿದ್ದುದು ಪಕ್ಕದ ಮನೆಯ ಸೊಸೆ ಲತಾಮಣಿ. ಆ ಹುಡುಗಿ ಒಳ್ಳೆಯವಳೇ. ಆದರೆ ಅವಳಿಗೂ ಮನೆ, ಮಕ್ಕಳು. ಅವಳು ಬರುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. ಅಲ್ಲಿಯವರೆಗೂ ವನಜಾಕ್ಷಮ್ಮ ಬಿಚ್ಚಿದ ಕೂದಲ ಮೇಲೆ ಸೆರಗು ಹೊದ್ದು, ಹೊಸ್ತಿಲು ದಾಟದೆ, ತರಕಾರಿಯವನು ಕೂಗಿದರೂ ಹೋಗದೆ ಒಳಗೇ ಕೂತಿರುತ್ತಿದ್ದಳು. ದಿನಾ ಒಬ್ಬರ ದಾರಿ ಕಾಯುವುದು, ದಿನಾ ಒಬ್ಬರ ಮುಂದೆ ತಲೆ ಬಗ್ಗಿಸಿ ಕೂರುವುದು ಸಾಕಾಗಿಹೋಗಿದೆ ಎಂದಳು. ಕೈ ಕಿವಿಯವರೆಗೆ ಬಂದಾಗ ಇನ್ನೇನು ಆಯಿತು ಎಂದುಕೊಂಡಿದ್ದೆ, ಇನ್ನು ಆ ಆಸೆಯೂ ಬೇಡ ಎಂದಳು. ಅಳಲಿಲ್ಲ, ಎಸರು ಕುದಿಯಿತೇ ಎಂದು ಮುಚ್ಚಳ ತೆಗೆದು ನೋಡಿದಳು.

ಮರುದಿನ ಮಂಗಳವಾರ, ಅಂಗಡಿಗೆ ರಜೆ. ತಿಮ್ಮರಾಜು ಬೆಳಗ್ಗೆಯೇ ಬಾಚಣಿಗೆ ಹಿಡಿದು ಹೆಂಡತಿಯ ಹಿಂದೆ ನಿಂತ.

"ಕೂತ್ಕೋ. ನಾನೇ ಬಾಚ್ತೀನಿ."

ಅವಳು ಬಾಗಿಲ ಕಡೆ ನೋಡಿದಳು. ನಾಚಿಕೆಯೋ ಭಯವೋ, ಬಾಗಿಲು ಹಾಕಿ ಬನ್ನಿ ಎಂದಳು. ಅವನು ಹಾಕಿ ಬಂದ. ಹಿಂದಿನ ದಿನದ ಬಸ್ಸಿನ ಕುಲುಕಾಟಕ್ಕೆ ಭುಜ ಉರಿಯುತ್ತಿದ್ದುದರಿಂದ ಗವಸು ಏರಿಸಿಕೊಂಡ. ಬಾಚಣಿಗೆ ತಾನೆ, ಕತ್ತಿಯಲ್ಲವಲ್ಲ. ಕುಣಿಗಲ್ಲಿನ ಎಲ್ಲ ಗಂಡಸರ ತಲೆಗಳ ಉಬ್ಬುತಗ್ಗು ಬಲ್ಲ ಅವನ ಕೈ ತನ್ನ ಹೆಂಡತಿಯ ತಲೆಯನ್ನು ಹೀಗೆ ಹಿಡಿದದ್ದು ಅದೇ ಮೊದಲು. ಕೂದಲು ಮುಕ್ಕಾಲು ನರೆತಿತ್ತು, ಆದರೂ ಮುಷ್ಟಿ ತುಂಬುತ್ತಿತ್ತು. ಬಾಚುವವರೆಗೆ ಎಲ್ಲ ಚೆನ್ನಾಗಿತ್ತು. ಕೂದಲನ್ನು ಒಟ್ಟುಮಾಡಿ ತುರುಬು ಸುತ್ತಲು ಕೈ ತಿರುಗಿಸಿದನೋ ಇಲ್ಲವೋ, ಗವಸು ಅವನ ತೋಳನ್ನು ಕಿತ್ತುಕೊಂಡಿತು.

ಅವಳ ತುರುಬು ಅವಳ ತಲೆಯ ಹಿಂದಿದೆ ಎಂಬುದು ಯಂತ್ರಕ್ಕೆ ಏನು ಗೊತ್ತು? ತುರುಬೆಂದರೆ ತೊಟ್ಟವರ ತಲೆಯ ಹಿಂದೆ. ತೋಳು ನೇರ ಅವನ ಬೋಳುತಲೆಯ ಕಡೆಗೇ ಹೊರಟಿತು. ಬಲಗಿವಿಯ ಪಕ್ಕ ಬಂದು ಗಕ್ಕನೆ ನಿಂತಿತು. ಅಲ್ಲಿ ನಡುಗಿತು. ಕೆಳಗಿಳಿದು ಮತ್ತೆ ಏರಿತು, ಮತ್ತೆ ಅದೇ ಜಾಗದಲ್ಲಿ ನಿಂತು ನಡುಗಿತು. ಅವನು ಇಳಿಸಲು ನೋಡಿದ. ಅದು ಇಳಿಯಲಿಲ್ಲ. ಇನ್ನೊಂದು ಸಲ, ಇನ್ನೊಂದು ಸಲ, ತಾನು ಕಲಿತಷ್ಟನ್ನೂ ಮಾಡಿ ಮುಗಿಸುವವರೆಗೂ ಬಿಡಲಿಲ್ಲ. ಪ್ರತಿ ಸಲವೂ ಗೋಡೆಗೆ ಹೆಗಲು ಕೊಟ್ಟು ತಳ್ಳುವವರ ಹಾಗೆ ಒತ್ತುತ್ತಿತ್ತು.

ವನಜಾಕ್ಷಮ್ಮ ತಿರುಗಿ ನೋಡಿದಳು. ಅವಳಿಗೆ ಆ ಕೈ ಯಾರದೆಂದು ತಕ್ಷಣ ತಿಳಿಯಿತು. ಬೋಳುತಲೆಯ ಮೇಲೆ ತುರುಬು ಕಟ್ಟಹೊರಟ ಗಂಡನನ್ನು ಕಂಡು ಅವಳಿಗೆ ತಡೆಯಲಾರದಷ್ಟು ನಗು ಬಂತು. ತಿಮ್ಮರಾಜು ನಗಲಿಲ್ಲ. ಅವನ ಹಣೆಯಲ್ಲಿ ಬೆವರು ಒಡೆದಿತ್ತು.

"ದಿನಾ ಇಷ್ಟು ಸಲ ಎತ್ತಕ್ಕೆ ನೋಡ್ತೀಯಾ?"

"ಇನ್ನೇನು ಮಾಡ್ಲಿ? ನೀವು ಗೊರಕೆ ಹೊಡೀತಿರ್ತೀರಿ" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗುವಿನಿಂದ ಬಂದ ನೀರೇ ಇರಬೇಕು.

ಬುಧವಾರ ಅವನು ತುಮಕೂರಿಗೆ ಹೋಗಿ, ಹೆಂಗಸಿನದನ್ನು ಉಳಿಸಿ ನನ್ನದನ್ನು ಅಳಿಸಿ ಎಂದ. ಅಲ್ಲಿ ಇನ್ನೊಂದು ತಲೆನೋವು ಕಾದಿತ್ತು. ಗವಸನ್ನು ಅದೇ ಕಾರ್ಡಿನ ಇನ್ನೊಬ್ಬರ ಹೆಸರಿಗೆ ಮಾಡಬೇಕಾದರೆ ಮೊದಲಿನವರ ಭುಜ ಗುಣವಾಗಿದೆ ಎಂದು ಯಂತ್ರಕ್ಕೆ ಒಪ್ಪಿಗೆಯಾಗಬೇಕು. ಫೌಜಿಯಾ ಬರೆದುಕೊಟ್ಟರೆ ಸಾಲದು. ಕ್ಯಾಮೆರಾದ ಮುಂದೆ ನಿಂತು, ಗವಸಿಲ್ಲದೆ, ಬರಿಗೈಯನ್ನು ನೆಟ್ಟಗೆ ಆಕಾಶಕ್ಕೆ ಎತ್ತಿ ತೋರಿಸಬೇಕು. ಮುಖದಲ್ಲಿ ನೋವಿನ ಗೆರೆ ಕಂಡರೆ ಯಂತ್ರ ಒಪ್ಪುವುದಿಲ್ಲ.

"ನೋವಿರೋರಿಗೆ ಗವಸು ಕೊಡೋಕೆ ನೋವಿಲ್ಲ ಅಂತ ಸುಳ್ಳು ಹೇಳ್ಬೇಕಾ?" ಎಂದು ತಿಮ್ಮರಾಜು ಕೇಳಿದ. ಯಾವ ತಲೆಮಾಸಿದವನು ಮಾಡಿದ ನಿಯಮ ಎಂದೂ ಕೇಳಿದ. ಫೌಜಿಯಾ ಕತ್ತಿನ ಪಟ್ಟಿ ಸರಿಮಾಡಿಕೊಂಡು, ಆ ಎರಡನೆಯ ಪ್ರಶ್ನೆಯನ್ನು ನಾನೂ ಮೇಲಿನವರಿಗೆ ಕೇಳಿದ್ದೇನೆ, ಅಷ್ಟು ಚೆನ್ನಾಗಿ ಕೇಳಿರಲಿಲ್ಲ ಎಂದಳು.

ಅವನು ಶರ್ಟು ಬಿಚ್ಚಿ ಕ್ಯಾಮೆರಾದ ಮುಂದೆ ನಿಂತ. ಕೈ ಎತ್ತಿದ. ಭುಜದೊಳಗೆ ಯಾರೋ ಕಾದ ಸರಳು ತಿರುವಿದಂತಾಯಿತು. ಮುಖವನ್ನು ಹೇಗಿಡುವುದೆಂದು ಯೋಚಿಸಿದಾಗ ಅವನಿಗೆ ಚೆನ್ನಬಸವಯ್ಯ ಮೇಷ್ಟ್ರು ನೆನಪಾದರು. ಶಾಲೆಯ ಕಾಂಪೌಂಡಿನ ಕಥೆಯನ್ನು ಎಷ್ಟು ವರ್ಷಗಳಿಂದ, ಎಷ್ಟು ಸಲ, ಮೊದಲ ಸಲ ಕೇಳಿದವನ ಹಾಗೆ ಮುಖವಿಟ್ಟುಕೊಂಡು ಕೇಳಿದ್ದಾನೆ! ಅದೇ ಮುಖ ಹಾಕಿಕೊಂಡ. ಹೌದಾ ಮೇಷ್ಟ್ರೆ, ಆಮೇಲೆ ಏನಾಯ್ತು ಮೇಷ್ಟ್ರೆ, ಎಂದು ಒಳಗೊಳಗೇ ಹೇಳಿಕೊಳ್ಳುತ್ತ ಕೈಯನ್ನು ಕಿವಿ ದಾಟಿಸಿದ, ತಲೆ ದಾಟಿಸಿದ, ನೆಟ್ಟಗೆ ನಿಲ್ಲಿಸಿದ. ಇನ್ನೊಮ್ಮೆ ಎಂದಿತು ಯಂತ್ರ. ಇನ್ನೊಮ್ಮೆ ಎತ್ತಿದ. ಬೆನ್ನಿನ ಮೇಲೆ ಬೆವರು ಹರಿಯಿತು, ಆದರೆ ಕ್ಯಾಮೆರಾ ಇದ್ದದ್ದು ಎದುರಿಗೆ.

"ನಿಮ್ಮ ಭುಜ ಗುಣವಾಗಿದೆ, ಅಭಿನಂದನೆಗಳು" ಎಂದು ಯಂತ್ರ ಹೆಣ್ಣುದನಿಯಲ್ಲಿ ಹೇಳಿತು. ಅದಕ್ಕೊಂದು ಬಾರಿಸೋಣ ಎನ್ನಿಸಿತು ಅವನಿಗೆ. ಬಾರಿಸಲು ಕೈ ಏಳಬೇಕಲ್ಲ.

ಫೌಜಿಯಾ ಅವನ ಚಲನೆಗಳನ್ನು ಅಳಿಸಿ, ಗವಸನ್ನು ಅವನ ಕೈಗಿಟ್ಟು, ಇನ್ನು ಇದಕ್ಕೆ ನಿಮ್ಮ ಮನೆಯವರೊಬ್ಬರೇ ಗೊತ್ತು, ನೀವು ಹಾಕಿಕೊಳ್ಳಬೇಡಿ ಎಂದು ಎರಡೆರಡು ಸಲ ಹೇಳಿದಳು.

ಮನೆಯಲ್ಲಿ ಅವನು ಹೇಳಿದ್ದೇ ಬೇರೆ. ನನ್ನ ಭುಜ ಸರಿಹೋಗಿದೆಯಂತೆ, ಕಂಪ್ಯೂಟರೇ ಹೇಳಿತು, ನಾವು ಏನು ಮಾಡೋಕಾಗುತ್ತೆ ಎಂದು ಗವಸನ್ನು ಅವಳ ಮಡಿಲಿಗೆ ಎಸೆದ. ಎಸೆದದ್ದು ಎಡಗೈಯಲ್ಲಿ. ಅವಳು ಅದನ್ನು ಗಮನಿಸಿದಳು.

ಕ್ಷೌರದವನು ಗಿರಾಕಿಯ ಮುಂದೆ ಕೂರಬಾರದು ಎಂದು ತಿಮ್ಮರಾಜುವಿನ ಅಪ್ಪ ಕಲಿಸಿದ್ದ. ಆ ಮಾತು ಬದಿಗಿಟ್ಟು ಅವನು ಮುಚ್ಚಿಹೋದ ಜ್ಯೂಸ್ ಅಂಗಡಿಯಿಂದ ಒಂದು ಎತ್ತರದ ಸ್ಟೂಲು ತಂದ. ಅದರ ಮೇಲೆ ಕೂತರೆ ಕೈ ಅಷ್ಟೊಂದು ಮೇಲೇರಬೇಕಿರಲಿಲ್ಲ. ನೋಡಿದವರೆಲ್ಲ ಒಂದೊಂದು ಮಾತು ಎಸೆದರು. ಕಿವಿಯ ಸಿಟ್ಟು ಆರಿ ವಾಪಸ್ಸು ಬಂದಿದ್ದ ಮೇಷ್ಟ್ರು, ಕೂತು ಉಣ್ಣೋರನ್ನ ಕಂಡಿದ್ದೆ, ಕೂತು ಬೋಳಿಸೋನನ್ನ ಈಗ ಕಂಡೆ ಎಂದರು. ಸ್ಟೂಲಿನಿಂದ ನೋವು ಕಮ್ಮಿಯಾಯಿತೇ ಎಂದರೆ, ಒಂದಿಷ್ಟು ಆಯಿತು. ಉಳಿದದ್ದು ಸಂಜೆ ಮನೆಗೆ ಅವನ ಜೊತೆಯೇ ಬರುತ್ತಿತ್ತು. ಹಗಲೆಲ್ಲ ಹಲ್ಲು ಕಚ್ಚಿಕೊಂಡಿರುತ್ತಿದ್ದವನು ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ನರಳಿಬಿಡುತ್ತಿದ್ದ.

ಮಾಗಿಯ ಚಳಿ ಬಿತ್ತು. ಭುಜಗಳಿಗೆ ಅದಕ್ಕಿಂತ ಕೆಟ್ಟ ಕಾಲವಿಲ್ಲ. ಒಂದು ಬೆಳಗ್ಗೆ ಅವನು ಕಾಫಿ ಕುಡಿದು ಶರ್ಟಿನ ತೋಳಿಗೆ ಕೈ ತೂರಿಸಲು ಒದ್ದಾಡುತ್ತಿದ್ದಾಗ ವನಜಾಕ್ಷಮ್ಮ ಗವಸು ಹಿಡಿದು ಬಂದಳು. ತಲೆಯ ಮೇಲೆ ಸೆರಗು ಹೊದ್ದಿದ್ದಳು.

"ತಗೊಳ್ಳಿ. ನಂಗೆ ಬೇಡ ಇದು."

"ಇನ್ನೂ ಮುಗಿದಿಲ್ಲ ಅಂದವ್ರೆ ಅಲ್ಲಿ."

"ಬೇಡ ಅಂದ್ರೆ ಬೇಡ. ನಿಮ್ಮ ನರಳಾಟ ಕೇಳ್ಕೊಂಡು ನಾನು ಇದನ್ನ ತೊಟ್ಕೊಂಡು ಕೂರ್ಲಾ?" ಎಂದು ಅವನ ತೋಳು ಹಿಡಿದು ತಾನೇ ಗವಸು ಏರಿಸಿ, ಭುಜದ ಪಟ್ಟಿ ಬಿಗಿದು, ಮೇಲೆ ಶರ್ಟು ತೊಡಿಸಿ, ಹೊರಡಿ ಎಂದು ನೂಕಿದಳು.

ತಿಮ್ಮರಾಜು ದಾರಿಯುದ್ದಕ್ಕೂ ಹಲ್ಲು ಕಡಿದ. ಕೈಬಿಟ್ಟಳು. ಅಷ್ಟು ಕಷ್ಟಪಟ್ಟು, ಕ್ಯಾಮೆರಾದ ಮುಂದೆ ಹಾಗೆ ಸತ್ತು ಬದುಕಿ ಉಳಿಸಿಕೊಟ್ಟದ್ದನ್ನು ಇವಳು ಅರ್ಧದಲ್ಲಿ ಬಿಟ್ಟಳು. ಇನ್ನು ಸಾಯುವವರೆಗೂ ಲತಾಮಣಿಯ ದಾರಿ ಕಾಯುತ್ತಾಳೆ, ಇಲ್ಲವೇ ಯಾವತ್ತೋ ಒಂದು ದಿನ ತಾನೇ ಎಡಗೈಯಲ್ಲಿ ಕತ್ತರಿ ಹಿಡಿಯುತ್ತಾಳೆ. ಕರುಣೆ ತೋರಿಸಲಿಕ್ಕೆ ಬೇರೆ ದಿನ ಸಿಗಲಿಲ್ಲವೇ ಈ ಮಹಾತಾಯಿಗೆ. ಈ ಸಿಟ್ಟಿನಲ್ಲಿ ಫೌಜಿಯಾ ಎರಡೆರಡು ಸಲ ಹೇಳಿದ್ದು ಅವನಿಗೆ ಪೂರ್ತಿ ಮರೆತೇಹೋಗಿತ್ತು.

ಅಂಗಡಿಯಲ್ಲಿ ಮೇಷ್ಟ್ರು ಆಗಲೇ ಕುರ್ಚಿಯಲ್ಲಿದ್ದರು. ತಿಮ್ಮರಾಜು ಸ್ಟೂಲೇರಿ ಬ್ರಶ್ಶಿಗೆ ಕೈ ಹಾಕಿದ. ಬ್ರಶ್ಶು ಕೈಗೆ ಬರಲಿಲ್ಲ. ತೋಳು ಹೊರಟೇಬಿಟ್ಟಿತು. ಆಗ ಎಲ್ಲ ನೆನಪಾಯಿತು, ಆದರೆ ತಡವಾಗಿತ್ತು. ಕೈ ಗಲ್ಲ ದಾಟಿ ಕಿವಿಯ ಹತ್ತಿರ ಬಂತು. ಇನ್ನು ಅದು ನಿಲ್ಲುತ್ತದೆ, ನಡುಗುತ್ತದೆ, ಗೋಡೆಗೆ ಒತ್ತಿದಂತೆ ಒತ್ತುತ್ತದೆ. ಅದನ್ನು ಇನ್ನೊಮ್ಮೆ ನೋಡಲಾರದೆ ಅವನು ಕಣ್ಣು ಮುಚ್ಚಿಕೊಂಡ.

ತೋಳು ನಿಲ್ಲಲಿಲ್ಲ. ಕಿವಿ ದಾಟಿತು. ನಡುಗಲಿಲ್ಲ, ಒತ್ತಲಿಲ್ಲ, ನೆತ್ತಿಯ ಹಿಂದಕ್ಕೆ ಸಲೀಸಾಗಿ ಹೋಯಿತು. ಅಲ್ಲಿ ಗಾಳಿಯಲ್ಲಿ ಮೂರು ಸುತ್ತು ಸುತ್ತಿತು, ತುದಿಯನ್ನು ಒಳಕ್ಕೆ ಸಿಕ್ಕಿಸಿತು, ಪಿನ್ನು ಚುಚ್ಚಿತು, ಸರಿಯಾಯಿತೇ ಎಂದು ಎರಡು ಸಲ ಮೆಲ್ಲಗೆ ತಟ್ಟಿ ನೋಡಿತು. ತಟ್ಟಿದ್ದು ಅವನ ಬೋಳುತಲೆಗೆ ತಣ್ಣಗೆ ತಗುಲಿತು.

ಕಣ್ಣು ತೆರೆದ. ಕನ್ನಡಿಯಲ್ಲಿ ತಾನೇ ಇದ್ದ. ಬೆಳಗಿನ ಆ ಹೊತ್ತಿಗೆ ಲತಾಮಣಿ ಬಂದಿರುವುದಿಲ್ಲ. ಆದರೂ ಗವಸು ತೊಡಿಸುವಾಗ ಹೆಂಡತಿಯ ಸೆರಗಿನ ಹಿಂದೆ ಏನೋ ಉಬ್ಬಿದ್ದದ್ದು ಈಗ ನೆನಪಾಯಿತು. ಬೀದಿಯಲ್ಲಿ ಹೋಗುವ ಪ್ರತಿಯೊಬ್ಬನ ತಲೆ ನೋಡಿ, ಇವನು ಕ್ಷೌರಕ್ಕೆ ಬರುವ ದಿನ ಹತ್ತಿರ ಬಂತು ಎಂದು ಲೆಕ್ಕ ಹಾಕುವವನು, ಎದುರಿಗೆ ನಿಂತು ಗವಸು ತೊಡಿಸಿದವಳ ತಲೆ ನೋಡಿರಲಿಲ್ಲ. ಅವಳು ಬೇಡ ಎಂದದ್ದು ಇನ್ನು ಬೇಕಾಗಿಲ್ಲದ್ದರಿಂದ. ಬಾಯಲ್ಲಿ ಹೇಳಿದ್ದರೆ ಗಂಟೇನು ಹೋಗುತ್ತಿತ್ತು ಅವಳದ್ದು? ಅವನಿಗೆ ಖುಷಿಯೂ ಸಿಟ್ಟೂ ಒಟ್ಟಿಗೇ ಬಂದು ಕಣ್ಣು ಮಂಜಾಯಿತು.

ಮೇಷ್ಟ್ರು ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡು ಕುರ್ಚಿಯಲ್ಲಿ ಹಿಂದಕ್ಕೆ ಸರಿದಿದ್ದರು.

"ಏನಯ್ಯ ಇದು? ಮತ್ತೆ ಶುರುವಾಯ್ತಾ?"

"ಏನಿಲ್ಲ ಮೇಷ್ಟ್ರೆ" ಎಂದ ತಿಮ್ಮರಾಜು. ತೋಳು ಇನ್ನೊಮ್ಮೆ ಏಳುತ್ತಿತ್ತು, ಅವನು ತಡೆಯಲಿಲ್ಲ. "ನಮ್ಮನೆಯವ್ಳು ತುರುಬು ಕಟ್ಕೋತಾವ್ಳೆ. ಒಸಿ ಇರಿ."